ನಮ್ಮ ಮನೆಯ ಪರೀಕ್ಷಾ ಕೇಂದ್ರ

ಪರೀಕ್ಷೆಯ ಮಟ್ಟಿಗೆ ಮನುಷ್ಯರಲ್ಲಿ ಎರಡೇ ಪಂಗಡ: ಬರೆಯುವವರು, ಬರೆಸುವವರು. ನಾನು ನೌಕರಿಯ ಉದ್ದಕ್ಕೂ ಎರಡನೆಯ ಪಂಗಡದಲ್ಲಿದ್ದವನು. ಹೈದರಾಬಾದಿನ ಒಂದು ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆನಾದರೂ ನನ್ನ ನಿಜವಾದ ಪ್ರತಿಭೆ ಬೆಳಗುತ್ತಿದ್ದದ್ದು ಬೇಸಿಗೆಯಲ್ಲಿ, ಪರೀಕ್ಷಾ ಕೇಂದ್ರದ ಮುಖ್ಯಸ್ಥನಾಗಿ ಕುಳಿತಾಗ. ಬೆಂಚುಗಳ ಸಾಲು ದಾರ ಹಿಡಿದಂತೆ ನೇರವಾಗಿರಬೇಕು, ನೀರಿನ ಹೂಜಿ ಬಾಗಿಲ ಎಡಕ್ಕಿರಬೇಕು, ಗಂಟೆ ಹೊಡೆಯುವ ಜವಾನ ನನ್ನ ಕಣ್ಣನ್ನೇ ನೋಡುತ್ತ ನಿಂತಿರಬೇಕು. ಬರೆಸುವವರ ಕಡೆಯಿಂದ ನೋಡಿದರೆ ಪರೀಕ್ಷೆಯಷ್ಟು ಶಾಂತವಾದ ಸಂಗತಿ ಇನ್ನೊಂದಿಲ್ಲ. ಗುಡಿಯಲ್ಲಿ ಕೂಡ ಯಾರಾದರೂ ಮಾತಾಡುತ್ತಿರುತ್ತಾರೆ. ಇಲ್ಲಿ ಕೇಳುವುದು ಪೆನ್ನಿನ ಸಪ್ಪಳ, ಮೇಲೆ ತಿರುಗುವ ಫ್ಯಾನಿನ ಸಪ್ಪಳ, ಎರಡೇ. ಬರೆಯುವವರ ಎದೆಯೊಳಗಿನ ಸಪ್ಪಳ ಮುಖ್ಯಸ್ಥರ ಕುರ್ಚಿಯವರೆಗೆ ಬರುವುದಿಲ್ಲ.

ನಾನು ಹೀಗಾಗುವುದಕ್ಕೆ ಕಾರಣ ಗುಲಬರ್ಗಾದ ಒಂದು ಉಚಿತ ವಿದ್ಯಾರ್ಥಿ ನಿಲಯ. ಅಲ್ಲಿ ಏಳುವುದಕ್ಕೆ ಗಂಟೆ, ಮೀಯುವುದಕ್ಕೆ ಗಂಟೆ, ರೊಟ್ಟಿಗೆ ಗಂಟೆ, ಓದಿಗೆ ಗಂಟೆ. ಒಮ್ಮೆ ಗಂಟೆ ಹೊಡೆಯುವವನಿಗೆ ಜ್ವರ ಬಂದು, ನಾವೆಲ್ಲ ಹಸಿವಾಗಿದ್ದರೂ ತಟ್ಟೆ ಹಿಡಿದು ಸಾಲಿನಲ್ಲಿ ಬಹಳ ಹೊತ್ತು ನಿಂತಿದ್ದೆವು. ಹೊಟ್ಟೆಯ ಮಾತನ್ನು ನಂಬಬೇಕೋ ಬೇಡವೋ ಎಂಬುದು ಯಾರಿಗೂ ತಿಳಿದಿರಲಿಲ್ಲ. ಆ ಶಿಸ್ತು ನನಗೆ ಒಳ್ಳೆಯದನ್ನೇ ಮಾಡಿತು. ನನಗೆ ಒಳ್ಳೆಯದನ್ನು ಮಾಡಿದ್ದು ಎಲ್ಲರಿಗೂ ಒಳ್ಳೆಯದನ್ನೇ ಮಾಡುತ್ತದೆ ಎಂದು ನಂಬುವುದು ನನ್ನ ವಯಸ್ಸಿನವರ ಸಾಮಾನ್ಯ ಕಾಯಿಲೆ. ನನಗಂತೂ ಅದು ನಿವೃತ್ತಿಯ ನಂತರ ಇನ್ನಷ್ಟು ಬಲವಾಗಿತ್ತು, ಏಕೆಂದರೆ ಮನೆಯಲ್ಲಿ ಶಿಸ್ತಿಗೆ ಒಳಪಡಿಸಲು ನನ್ನ ಹೆಂಡತಿ ಗಿರಿಜೆಯ ಹೊರತು ಯಾರೂ ಇರಲಿಲ್ಲ, ಮತ್ತು ಅವಳು ಒಳಪಡುತ್ತಿರಲಿಲ್ಲ.

ಇಂಥ ಹೊತ್ತಿಗೆ ನನ್ನ ತಮ್ಮ ಮಲ್ಲಪ್ಪನ ಮಗಳು ಸುವರ್ಣಾ ಬಂದಳು. ಮಲ್ಲಪ್ಪನದು ರಾಯಚೂರಿನಲ್ಲಿ ಬಟ್ಟೆಯ ಅಂಗಡಿ. ಮಗಳು ಹೈದರಾಬಾದಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಕೆಮಿಸ್ಟ್ರಿಯ ಒಂದು ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದಳು. ಮಲ್ಲಪ್ಪ ಅವಳನ್ನು ಟ್ರಂಕಿನ ಸಮೇತ ತಾರ್ನಾಕದ ನಮ್ಮ ಮನೆಗೆ ತಂದು ಬಿಟ್ಟು, ಚಹಾ ಕುಡಿಯುತ್ತ ಹೇಳಿದ: "ಅಣ್ಣಾ, ಇದೊಂದು ಸಲ ನೋಡ್ತೀನಿ. ಈ ಸಲ ಪಾಸಾಗಲಿಲ್ಲಂದ್ರ ಕಾಲೇಜು ಬಿಡಿಸಿ ಕರ್ಕೊಂಡು ಹೋಗಾಂವ. ವರ ಕೇಳಾಕತ್ಯಾರ. ನಿನ್ನ ಕೈಯಾಗ ಎಷ್ಟ ಹುಡುಗರು ಪಾಸಾಗ್ಯಾರ, ಇಕೀನೂ ಒಂದು ದಡಕ್ಕ ಹಚ್ಚು."

ಸುವರ್ಣಾ ಟ್ರಂಕಿನ ಮೇಲೆ ಕುಳಿತು ನೆಲ ನೋಡುತ್ತಿದ್ದಳು. ಅವಳಿಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಆಸೆ. ಪ್ರಾಕ್ಟಿಕಲ್‌ನಲ್ಲಿ ಅವಳ ಕೈ ಎಂದೂ ತಪ್ಪಿರಲಿಲ್ಲ, ಅಂಕಗಳೂ ಹಾಗೆಯೇ ಇದ್ದವು. ಕಾಗದ ಕೊಟ್ಟು ಕೂರಿಸಿದರೆ ಮಾತ್ರ ಎಲ್ಲ ಮುಗಿಯಿತು.

ನಾನು ಮೊದಲು ಅವಳ ಓದನ್ನು ಪರೀಕ್ಷಿಸಿದೆ. ಬಾಯಲ್ಲಿ ಕೇಳಿದರೆ ಉತ್ತರ ನೀರಿನ ಹಾಗೆ ಬರುತ್ತಿತ್ತು. ಗಿರಿಜೆ ಹುಣಸೇಹಣ್ಣು ಹಚ್ಚಿ ದೇವರ ತಾಮ್ರದ ಪಾತ್ರೆ ತಿಕ್ಕುತ್ತಿದ್ದರೆ ಇವಳು ಪಕ್ಕದಲ್ಲಿ ಕುಳಿತು, ಹುಣಸೆಯ ಹುಳಿಗೂ ತಾಮ್ರದ ಮೇಲಿನ ಕಪ್ಪಿಗೂ ಏನು ನಡೆಯುತ್ತದೆ ಎಂದು ಕಥೆಯಂತೆ ಹೇಳುತ್ತಿದ್ದಳು. ಗಿರಿಜೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನನ್ನ ಗಣಿತದ ಮಾತನ್ನು ಅವಳು ಮದುವೆಯಾದಂದಿನಿಂದ ಒಮ್ಮೆಯೂ ಹಾಗೆ ಕೇಳಿದ್ದಿಲ್ಲ.

"ಇಷ್ಟೆಲ್ಲಾ ಗೊತ್ತೈತಲ್ಲಬೇ, ಇದನ್ನ ಅಲ್ಲಿ ಬರಿಯಾಕ ಏನ ಧಾಡಿ?" ಎಂದಳು ಗಿರಿಜೆ.

"ಪೇಪರ್ ಕೈಯಾಗ ಬಂದ ಕೂಡಲೇ ಎಲ್ಲಾ ಅಳಿಸಿ ಹೋಗ್ತೈತಿ ದೊಡ್ಡವ್ವಾ. ಓದಿದ ಸಾಲನ್ನ ಮತ್ತ ಓದತಿರ್ತೀನಿ. ಕೈ ತಣ್ಣಗಾಗ್ತಾವ."

ಎರಡು ಸಲವೂ ಅವಳು ಪತ್ರಿಕೆಯಲ್ಲಿ ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಬರೆದು ಬಂದಿದ್ದಳೆಂದು ಆಮೇಲೆ ತಿಳಿಯಿತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು, ಇಂಗ್ಲಿಷಿನ ತೊಂದರೆ ಇರಬೇಕು ಎಂದೆ. "ಕನ್ನಡ ಓದೋವಾಗೂ ಹಂಗ ಆಗ್ತೈತ್ರಿ ದೊಡ್ಡಪ್ಪಾ" ಎಂದಳು. ಹಾಗಾದರೆ ಕಣ್ಣು ಎಂದುಕೊಂಡು ಹಿಮಾಯತ್‌ನಗರದ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರು ಅವಳ ಕಣ್ಣು ಚೆನ್ನಾಗಿವೆ ಎಂದು ಹೇಳಿ, ನನಗೆ ಹೊಸ ಕನ್ನಡಕ ಬರೆದುಕೊಟ್ಟರು. ಸುದ್ದಿ ಹರಡಿದ ಮೇಲೆ ನೆಂಟರಿಂದ ಉಪಾಯಗಳು ಬಂದವು: ಬ್ರಾಹ್ಮಿ ಎಣ್ಣೆ, ನೆನೆಸಿದ ಬಾದಾಮಿ, ದಿಂಬಿನ ಕೆಳಗೆ ವಿಭೂತಿ. ಅಮೀರ್‌ಪೇಟೆಯಲ್ಲಿ ಕೋಚಿಂಗ್ ನಡೆಸುವ ಒಬ್ಬರು ಬೆಳಗಿನ ಬ್ಯಾಚೊಂದಕ್ಕೆ ಕಳಿಸಿದರೆ ಭಯವನ್ನು ಬೇರುಸಹಿತ ಕಿತ್ತುಬಿಡುವುದಾಗಿ ಹೇಳಿದರು. ನಾನು ಇವೆಲ್ಲವನ್ನೂ ತಳ್ಳಿಹಾಕಿದೆ. ನೀರಿಗೆ ಹೆದರುವವರನ್ನು ನೀರಿಗಿಳಿಸಬೇಕು, ಪರೀಕ್ಷೆಗೆ ಹೆದರುವವರನ್ನು ಪರೀಕ್ಷೆಗೆ ಕೂರಿಸಬೇಕು. ಮತ್ತು ಪರೀಕ್ಷೆಗೆ ಕೂರಿಸುವುದರಲ್ಲಿ ನನಗಿಂತ ಅನುಭವಸ್ಥರು ತಾರ್ನಾಕದಲ್ಲಿ ಯಾರಿದ್ದರು?

ಹೀಗೆ ನಮ್ಮ ನಡುಮನೆಯಲ್ಲಿ ಪರೀಕ್ಷಾ ಕೇಂದ್ರ ತೆರೆಯಿತು. ಊಟದ ಮೇಜನ್ನು ಗೋಡೆಗೆ ಮುಖ ಮಾಡಿ ಇರಿಸಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಅವಳೆದುರೇ ಒಡೆಯುತ್ತಿದ್ದೆ. ಕೈ ಹಿಂದೆ ಕಟ್ಟಿಕೊಂಡು ಅವಳ ಬೆನ್ನ ಹಿಂದೆ ಅತ್ತಿಂದಿತ್ತ ನಡೆಯುತ್ತಿದ್ದೆ. "ಇನ್ನರ್ಧ ಗಂಟೆ" ಎಂದು ಗಂಭೀರವಾಗಿ ಸಾರುತ್ತಿದ್ದೆ. ಪರೀಕ್ಷೆ ನಡೆದಿರುವಾಗ ಕುಕ್ಕರ್ ಸೀಟಿ ಹೊಡೆಯಬಾರದೆಂದು ಗಿರಿಜೆಗೆ ಆಜ್ಞೆಯಾಯಿತು.

"ಹಂಗಾದ್ರ ಬ್ಯಾಳಿ ಹಸೀದನ್ನ ತಿನ್ರಿ" ಎಂದಳು ಅವಳು. ಆ ವಾರವೆಲ್ಲ ಬೇಳೆ ಹಲ್ಲಿಗೆ ಸಿಗುವಂತೆಯೇ ಇತ್ತು.

ಎಲ್ಲ ಇತ್ತು, ಗಂಟೆಯೊಂದು ಇರಲಿಲ್ಲ. ಗಂಟೆಯಿಲ್ಲದ ಪರೀಕ್ಷೆ ಉಪ್ಪಿಲ್ಲದ ಅಡುಗೆ. ಹುಡುಕುತ್ತ ಹೋದವನಿಗೆ ದೇವರ ಕೋಣೆಯಲ್ಲಿ ಗಿರಿಜೆಯ ಹಿತ್ತಾಳೆಯ ಕೈಗಂಟೆ ಕಂಡಿತು. ಅವಳ ತವರಿನಿಂದ ಬಂದದ್ದು, ಒಳ್ಳೆಯ ನಾದ. ಗಿರಿಜೆ ಮಧ್ಯಾಹ್ನ ನೆರೆಮನೆಗೆ ಹರಟೆಗೆ ಹೋದಾಗ ಅದನ್ನು ತಂದು, ಪರೀಕ್ಷೆಯ ಆರಂಭಕ್ಕೆ, ಪ್ರತಿ ಅರ್ಧ ಗಂಟೆಗೆ, ಮುಕ್ತಾಯಕ್ಕೆ ಬಾರಿಸಿ, ತೊಳೆದು ಮತ್ತೆ ಅಲ್ಲಿಯೇ ಇಡುತ್ತಿದ್ದೆ. ತೊಳೆದಿಡುತ್ತಿದ್ದೆ ಎಂಬುದನ್ನು ಓದುಗರು ಗಮನಿಸಬೇಕು. ಆಗ ನನ್ನ ಭಕ್ತಿಗೆ ಅಷ್ಟೇ ಸಾಕೆನಿಸಿತ್ತು.

ಪ್ರತಿ ಮಧ್ಯಾಹ್ನ ಸುವರ್ಣಾಳ ಉತ್ತರಪತ್ರಿಕೆ ಮೊದಲಿಗಿಂತ ಗಿಡ್ಡವಾಗುತ್ತ ಬಂತು. ಅಭ್ಯಾಸ ಇನ್ನೂ ಹೆಚ್ಚಬೇಕು ಎಂದುಕೊಂಡೆ. ಒಂದು ಸೋಮವಾರ ಬೆಳಿಗ್ಗೆ ಗಿರಿಜೆ ಪೂಜೆಗೆ ಕುಳಿತಿದ್ದಳು. ಸುವರ್ಣಾ ತಲೆಗೆ ನೀರೆರೆದುಕೊಂಡು ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ನಾನು ಪೇಪರು ಓದುತ್ತಿದ್ದೆ. ಗಿರಿಜೆ ಆರತಿ ಎತ್ತಿ ಗಂಟೆ ಬಾರಿಸಿದಳು. ತಟ್ಟೆ ಕೆಳಗೆ ಬಿದ್ದ ಸದ್ದಾಯಿತು. ನಾನು ಎದ್ದು ಹೋಗುವಷ್ಟರಲ್ಲಿ ಸುವರ್ಣಾ ಹೂವುಗಳ ನಡುವೆ ನೆಲದ ಮೇಲೆ ಕುಳಿತಿದ್ದಳು. ಮುಖ ಬೆವರಿತ್ತು, ಉಸಿರು ಮೇಲಕ್ಕೇ ನಿಂತು ಕೆಳಗಿಳಿಯುತ್ತಿರಲಿಲ್ಲ. ಗಿರಿಜೆ ಆರತಿಯನ್ನು ಹಾಗೆಯೇ ಇಟ್ಟು ಅವಳ ಕೈ ಹಿಡಿದುಕೊಂಡಳು.

"ಯಪ್ಪಾ, ಮಂಜುಗಡ್ಡಿ ಆಗ್ಯಾವ ಕೈ. ಏನಾತು ಮಗಳ?"

"ಗಂಟಿ" ಎಂದಳು ಹುಡುಗಿ. "ಗಂಟಿ ಕೇಳಿ... ಪೇಪರ್ ಕೊಟ್ರು ಅನ್ನಿಸಿತು."

ಗಿರಿಜೆ ಗಂಟೆಯನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಹೊಸ ಕನ್ನಡಕ ಒರೆಸಿಕೊಳ್ಳತೊಡಗಿದೆ.

"ದೇವರ ಗಂಟಿ ತಂದು ಪರೀಕ್ಷಾಕ್ಕ ಬಾರ್ಸೀರಿ? ಅಲ್ರೀ, ಅಂಜಿದವರು ಹೋಗಿ ನಿಂದ್ರೋದು ದೇವರ ಮುಂದ. ಈ ಹುಡುಗಿಗೆ ಅದೊಂದು ಜಾಗಾ ಇತ್ತು, ಅದನ್ನೂ ನಿಮ್ಮ ಪರೀಕ್ಷಾ ಕೋಣಿ ಮಾಡಿಟ್ರಿ! ಇನ್ನ ಎಲ್ಲಿಗೆ ಹೋಗಬೇಕಿಕಿ?"

ಗಿರಿಜೆ ಬೈಯುವುದರಲ್ಲಿ ಅನುಭವಸ್ಥೆ, ನಾನು ಕೇಳುವುದರಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಸುವರ್ಣಾಳಿಗೆ ಉಸಿರು ಸರಿಹೋಗಿ, ಬಿದ್ದ ಹೂವುಗಳನ್ನು ಒಂದೊಂದಾಗಿ ಆರಿಸುತ್ತ ಅವಳು ಹೇಳಿದ ಮಾತು ಇದು: "ನಾ ದಡ್ಡಿ ಅಲ್ಲ ಅಂತ ನನಗ ಗೊತ್ತೈತ್ರಿ ದೊಡ್ಡಪ್ಪಾ. ಆದ್ರ ತೋರ್ಸಾಕ ನನ್ನ ಕಡೆ ಒಂದೂ ಕಾಗದ ಇಲ್ಲ." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಹೇಳುವುದಕ್ಕೆ ತೋಚುತ್ತಿತ್ತು.

ಅಂದೇ ಪರೀಕ್ಷಾ ಕೇಂದ್ರ ಮುಚ್ಚಿತು. ಮೇಜು ಮೊದಲಿನ ಜಾಗಕ್ಕೆ ಬಂತು, ಬೇಳೆ ಬೇಯಿತು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದ ಅಧ್ಯಾಪಕಿ ಸರಳಾದೇವಿ ಇದ್ದರು. ತೆಲುಗಿನವರು, ಮೆಲುಮಾತಿನವರು. ಗಿರಿಜೆ ನನ್ನನ್ನೂ ಹುಡುಗಿಯನ್ನೂ ಅವರಲ್ಲಿಗೆ ಅಟ್ಟಿದಳು. ಅವರು ಸುವರ್ಣಾಳೊಡನೆ ಬಹಳ ಹೊತ್ತು ಮಾತಾಡಿದರು, ಓದಿಸಿದರು, ಬರೆಯಿಸಿದರು. ನಾನು ನಡುನಡುವೆ, "ಮನಸ್ಸಿಟ್ಟು ಓದಿದರೆ ಬರುತ್ತದೆ ಮೇಡಂ, ಗಮನ ಸಾಲದು" ಎಂದು ಸಹಾಯ ಮಾಡುತ್ತಿದ್ದೆ. ಕೊನೆಗೆ ಅವರು ನನ್ನ ಕಡೆ ತಿರುಗಿ ಕೇಳಿದರು: "ಸರ್, ಮೀರು ತೆಲುಗು ಚದುವುತಾರಾ?"

ಓದುತ್ತೇನೆಯೇ ಎಂದರೆ! ಈ ಊರಿಗೆ ಬಂದು ಅರ್ಧ ಆಯುಷ್ಯವಾಯಿತು. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲ ನನಗೆ ಕರತಲಾಮಲಕ. ಕನ್ನಡ ಬಲ್ಲವನಿಗೆ ತೆಲುಗಿನ ಅಕ್ಷರ ಎಷ್ಟರದು? ಅವರು ನಗುತ್ತ ಮಗನ ಶಾಲೆಯ ತೆಲುಗು ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ಗಟ್ಟಿಯಾಗಿ ಓದಿ. ಆಮೇಲೆ ಇದರಲ್ಲಿ ಏನಿದೆ ಎಂದು ಕೇಳುತ್ತೇನೆ. ಶುರು ಮಾಡಿ."

ಮೊದಲ ಪದವನ್ನು ಓದಿದೆ. ಎರಡನೆಯದಕ್ಕೆ ಬರುವಾಗ ನಿಂತೆ. ಬಸ್ಸಿನ ಬೋರ್ಡನ್ನು ನಾನು ಇಷ್ಟು ವರ್ಷ ಓದುತ್ತಿರಲಿಲ್ಲ, ನಂಬರು ನೋಡಿ ಊಹಿಸುತ್ತಿದ್ದೆ ಎಂಬ ಸತ್ಯ ಆಗ ನನಗೆ ಹೊಳೆಯಿತು. ಪುಟದ ಅಕ್ಷರಗಳೆಲ್ಲ ಮದುವೆಮನೆಯಲ್ಲಿ ಸಿಗುವ ದೂರದ ನೆಂಟರಂತಿದ್ದವು: ಮುಖ ಪರಿಚಿತ, ಹೆಸರು ನಾಲಿಗೆಯ ತುದಿಯಲ್ಲಿ. ಒಂದನ್ನು ಗುರುತಿಸಿ ಮುಂದೆ ಹೋಗುವಷ್ಟರಲ್ಲಿ ಹಿಂದಿನದು ಕೈಬಿಟ್ಟಿರುತ್ತಿತ್ತು. ನಾಲ್ಕನೆಯ ಸಾಲಿಗೆ ಬಂದಾಗ ಮೊದಲನೆಯ ಸಾಲಿನಲ್ಲಿ ಏನಿತ್ತೆಂಬುದು ಮರೆತಿತ್ತು. ಹಿಂದಕ್ಕೆ ಹೋದರೆ ನಾಲ್ಕನೆಯ ಸಾಲು ಕಳೆದುಹೋಯಿತು. "ಅರ್ಧ ಸಮಯವಾಯಿತು ಸರ್" ಎಂದರು ಸರಳಾದೇವಿ, ಮೃದುವಾಗಿಯೇ. ಅಷ್ಟು ಹೇಳಿದ್ದೇ ತಡ, ಗೊತ್ತಿದ್ದ ಅಕ್ಷರಗಳೂ ಗೊತ್ತಿಲ್ಲದಂತಾದವು. ಬೆನ್ನಿನ ಮೇಲೆ ಬೆವರು ಇಳಿಯುವುದು ತಿಳಿಯುತ್ತಿತ್ತು. ಸುವರ್ಣಾ ಎದುರಿಗೆ ಕುಳಿತಿದ್ದಾಳೆ, ನೋಡುತ್ತಿದ್ದಾಳೆ ಎಂಬುದರ ಹೊರತು ತಲೆಯಲ್ಲಿ ಇನ್ನೇನೂ ಇರಲಿಲ್ಲ.

"ಸಮಯ ಮುಗಿಯಿತು. ಏನಿದೆ ಸರ್ ಈ ಪಾಠದಲ್ಲಿ?"

"ಒಬ್ಬ ರೈತ... ಅವನ ಎತ್ತು..." ಎಂದೆ.

ಅದು ಸಮುದ್ರದಲ್ಲಿ ಮುತ್ತು ತೆಗೆಯುವವರ ಪಾಠವಂತೆ. ಸುವರ್ಣಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಮನಸ್ಸಿಟ್ಟು ಓದಲಿಲ್ಲವೇ ಸರ್?" ಎಂದರು ಸರಳಾದೇವಿ. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಹೆಚ್ಚು ನಾಟಿತು. "ನಿಮಗೆ ಈ ಒಂದು ಪುಟ. ಇವಳಿಗೆ ಚಿಕ್ಕಂದಿನಿಂದ ಎಲ್ಲ ಪುಟವೂ ಹೀಗೆಯೇ ಇದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಓದು ಇವಳಿಗೆ ಬೇರೆ ದಾರಿಯಿಂದ ಬರಬೇಕು. ಅದನ್ನು ಸೋಮಾರಿತನ ಎಂದು ಎಲ್ಲರೂ ಹೇಳುತ್ತ ಬಂದಿದ್ದಾರೆ, ಅದರಿಂದ ಭಯ ಸೇರಿಕೊಂಡಿದೆ. ಈಗ ಎರಡೂ ಒಂದನ್ನೊಂದು ಸಾಕುತ್ತಿವೆ."

ಮನೆಯ ಗೇಟು ತೆರೆಯುವಾಗ ಸುವರ್ಣಾಳೇ ಸಮಾಧಾನ ಹೇಳಿದಳು: "ಹೋಗ್ಲಿ ಬಿಡ್ರಿ ದೊಡ್ಡಪ್ಪಾ. ಮೊದಲನೇ ಶಬ್ದ ಭಾಳ ಚಲೋ ಓದಿದ್ರಿ."

ಅಂದಿನಿಂದ ಕ್ರಮ ಬದಲಾಯಿತು. ಪುಸ್ತಕವನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ಕೇಳಿದ್ದನ್ನು ಗಿರಿಜೆಗೆ ಹೇಳುತ್ತಿದ್ದಳು, ಹೇಳಿದ್ದನ್ನು ಬರೆಯುತ್ತಿದ್ದಳು. ಪ್ರಶ್ನೆಯನ್ನು ಬೆರಳಿಟ್ಟು ಓದಬೇಕು, ಪೂರ್ತಿ ಓದುವವರೆಗೆ ಪೆನ್ನು ಮುಟ್ಟಬಾರದು, ಉಸಿರು ಸಿಕ್ಕಿಕೊಂಡರೆ ಪೆನ್ನು ಕೆಳಗಿಟ್ಟು ಅದು ಇಳಿಯುವವರೆಗೆ ಕಾಯಬೇಕು. ಸರಳಾದೇವಿ ಹೇಳಿಕೊಟ್ಟದ್ದು ಹೆಚ್ಚುಕಡಿಮೆ ಇಷ್ಟೇ. ನನಗೂ ಒಂದು ಪಥ್ಯ ಹೇಳಿದ್ದರು: ಪರೀಕ್ಷೆ ಮುಗಿಸಿ ಬಂದಾಗ "ಹೇಗೆ ಬರೆದೆ?" ಎಂದು ಕೇಳಬಾರದು. ನನ್ನ ಪಾಲಿಗೆ ಎಲ್ಲಕ್ಕಿಂತ ಕಠಿಣವಾದದ್ದು ಇದು. ಆ ಪ್ರಶ್ನೆಯನ್ನು ಕೇಳದೆ ನಾನು ಒಬ್ಬ ವಿದ್ಯಾರ್ಥಿಯನ್ನೂ ಮನೆಗೆ ಬಿಟ್ಟವನಲ್ಲ.

ಪರೀಕ್ಷೆಯ ದಿನ ಅವಳನ್ನು ಕರೆತರಲು ಹೋಗಿದ್ದೆ. ಗೇಟಿನ ಹೊರಗೆ ನಿಲ್ಲುವುದು ನನಗೆ ಹೊಸದು. ಒಳಗಿನ ಗಂಟೆ ಕೇಳಿದಾಗ ಮೈ ಜುಮ್ಮೆಂದಿತು. ಇಷ್ಟು ಕರ್ಕಶವಾಗಿ ಯಾಕೆ ಹೊಡೆಯುತ್ತಾರೋ ಎನಿಸಿತು. ಸುವರ್ಣಾ ಹೊರಬಂದಳು, ಬಸ್ಸು ಹತ್ತಿದೆವು. ಬಿಸಿಲು ಬಹಳ ಎಂದೆ ನಾನು. ಹೌದು ಎಂದಳು. ಈರುಳ್ಳಿ ತುಟ್ಟಿಯಾಗಿದೆ ಎಂದೆ. ಹೌದು ಎಂದಳು. ತಾರ್ನಾಕ ಹತ್ತಿರವಾಗುವ ಹೊತ್ತಿಗೆ ನನ್ನ ಬಳಿಯಿದ್ದ ವಿಷಯಗಳೆಲ್ಲ ಮುಗಿದಿದ್ದವು. ಅವಳು ನನ್ನ ಮುಖ ನೋಡಿ, "ಒಮ್ಮೆ ಕೇಳಿಬಿಡ್ರಿ ದೊಡ್ಡಪ್ಪಾ, ಇಲ್ಲಾಂದ್ರ ಹೊಟ್ಟಿ ನೋಯ್ತೈತಿ ನಿಮಗ" ಎಂದಳು.

"ನಾ ಏನೂ ಕೇಳಾಂವಲ್ಲವಾ."

"ಕೊನೇದೊಂದು ಬಿಟ್ಟೀನಿ. ಟೈಮ್ ಸಾಲಲಿಲ್ಲ. ಉಳಿದದ್ದಕ್ಕ ಏನ್ ಕೇಳ್ಯಾರೋ ಅದನ್ನ ಬರದೀನಿ."

ಫಲಿತಾಂಶ ಬಂದ ಬೆಳಿಗ್ಗೆ ಪೇಪರಿನವನು ಗೇಟಿನಲ್ಲಿ ಎಸೆಯುವುದಕ್ಕೆ ಮುಂಚೆಯೇ ನಾನು ಅಲ್ಲಿ ನಿಂತಿದ್ದೆ. ಪುಟದ ತುಂಬ ಇರುವೆಯ ಸಾಲಿನಂತೆ ನಂಬರುಗಳು. ನಂಬರು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಸರಸರನೆ ಕಣ್ಣಾಡಿಸಿದೆ. ಅವಳ ಕಾಲೇಜಿನ ನಂಬರುಗಳು ಶುರುವಾದವು, ಹತ್ತಿರ ಬಂದವು, ಅವಳ ಹಿಂದಿನ ಕೆಲವು ಕಂಡವು, ಅಷ್ಟಕ್ಕೇ ಮುಗಿದವು. ಕೆಳಗೆ ಯಾವುದೋ ಕೋಚಿಂಗಿನ ದೊಡ್ಡ ಜಾಹೀರಾತು. ಪೇಪರನ್ನು ಸುವರ್ಣಾಳ ಮುಂದಿಟ್ಟು, "ಇಲ್ಲವಾ ಮಗಳ" ಎಂದೆ. ಕೆಟ್ಟ ಸುದ್ದಿಯನ್ನು ತಡಮಾಡಬಾರದು ಎಂಬುದು ನನ್ನ ನಿಯಮ. ಚಪ್ಪಲಿ ಮೆಟ್ಟಿಕೊಂಡು ಸೀದಾ ಮೂಲೆಯ ಎಸ್.ಟಿ.ಡಿ. ಬೂತಿಗೆ ನಡೆದು ರಾಯಚೂರಿಗೆ ಫೋನು ಹಚ್ಚಿದೆ.

ಮಲ್ಲಪ್ಪ, "ಆತು ಬಿಡಣ್ಣಾ. ಸಂಜಿ ಬಸ್ಸಿಗೆ ಬರ್ತೀನಿ. ಸಾಮಾನು ಕಟ್ಟಿಡಾಕ ಹೇಳು" ಎಂದ.

ನಾನು ಫೋನು ಇಟ್ಟು ತಿರುಗಿದರೆ ಸುವರ್ಣಾ ಬೂತಿನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು, ಬರಿಗಾಲಲ್ಲಿ, ಕೈಯಲ್ಲಿ ಪೇಪರು. ಬೆರಳು ಒಂದೆಡೆ ಒತ್ತಿ ಹಿಡಿದಿದ್ದಳು.

"ದೊಡ್ಡಪ್ಪಾ, ಇಲ್ಲಿ ನೋಡ್ರಿ. ಮುಗಿದಿಲ್ಲ ಅದು. ಜಾಹೀರಾತಿನ ಆ ಕಡೆ, ಬಾಜೂ ಕಾಲಮ್‌ನ್ಯಾಗ ಮ್ಯಾಲಿಂದ ಮತ್ತ ಶುರು ಆಗೈತಿ. ಒಂದೊಂದ ಓದಕೋತ ಬಂದೆ. ನಾಕು ಸಲ ಓದೀನಿ. ನಂದ ಐತಿ."

ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ಅವಳದೇ ಇತ್ತು. ಸಾಲು ಮುಗಿಯಿತೆಂದು ನಾನು ಬಿಟ್ಟುಹೋದ ಜಾಗದಿಂದ ಅವಳು ಬೆರಳಿಟ್ಟುಕೊಂಡು ಮುಂದೆ ಹೋಗಿದ್ದಳು.

ಮತ್ತೆ ರಾಯಚೂರಿನ ನಂಬರು ತಿರುಗಿಸಿದೆ. ಒಮ್ಮೆ ತಪ್ಪಿತು, ಮತ್ತೊಮ್ಮೆ ತಿರುಗಿಸಿದೆ. ವಿಷಯ ಹೇಳಿದೆ. ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿತು. ಆಮೇಲೆ ಮಲ್ಲಪ್ಪನ ದನಿ: "ಇರ್ಲಿ, ಓದ್ಲಿ ಆಕಿ. ಬಸ್ಸಿಗೆ ಬರೂದಿಲ್ಲ ನಾ. ಆದ್ರ ಅಣ್ಣಾ, ಪ್ರಶ್ನಿ ಪೂರಾ ಓದಲಾರದ ಉತ್ತರ ಬರಿಯಾಕ ಹೋಗಬ್ಯಾಡ್ರಿ ಅಂತ ಇಡೀ ಮನಿತನಕ್ಕ ಹೇಳಿ ಸಾಯ್ತಿದ್ದೆಲ್ಲ, ನಿನಗ ಏನಾಗಿತ್ತು?"

ಫೋನು ಇಟ್ಟು ದುಡ್ಡು ಕೊಟ್ಟೆ. ಹೊರಗೆ ಬಂದೆ.

"ಏನಂದ್ರು ಅಪ್ಪಾರು?" ಎಂದು ಕೇಳಿದಳು ಸುವರ್ಣಾ.

"ನೀ ಪಾಸಂತ" ಎಂದೆ. "ನಾ ಇನ್ನೊಮ್ಮೆ ಪರೀಕ್ಷಾಕ್ಕ ಕಟ್ಟಬೇಕಂತ."